ಮಳೆಗಾಲದಲ್ಲಿ ಟಚ್ ಸ್ಕ್ರೀನ್ ಯಾಕೆ ಮಾತು ಕೇಳುವುದಿಲ್ಲ?

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಗಡಿಗಳ ಮುಂದೆ ಈಗ ಒಂದು ಹೊಸ ಗೋಳು ಶುರುವಾಗುತ್ತದೆ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಫೋನ್ ತೆಗೆದು, ದುಡ್ಡು ಕಳಿಸೋಣ ಅಂತ ಪಿನ್ ಒತ್ತಿದರೆ ನಾಲ್ಕರ ಬದಲು ಏಳು ಬೀಳುತ್ತದೆ. ಅಳಿಸಲು ಹೋದರೆ ಇನ್ನೆರಡು ಅಂಕಿ ತಾನಾಗಿಯೇ ಸೇರಿಕೊಳ್ಳುತ್ತವೆ. ಅಂಗಿಗೆ ಒರೆಸೋಣವೆಂದರೆ ಅಂಗಿಯೂ ಒದ್ದೆ. ಕೊನೆಗೆ ಅಂಗಡಿಯವರೇ "ನಾಳೆ ಕೊಡಿ ಮಾರಾಯ್ರೆ" ಅನ್ನುತ್ತಾರೆ.

ಮನೆಯಲ್ಲಿ ಇಂಡಕ್ಷನ್ ಒಲೆಯದ್ದೂ ಇದೇ ಹಾಡು. ಹಾಲು ಉಕ್ಕಿ ಬಟನ್ ಮೇಲೆ ಹರಿದರೆ ಕೀಂ ಕೀಂ ಎಂದು ಕೂಗಿ ಆಫ್ ಆಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕೂಗುತ್ತದೆ. ಫೋನ್ ಹಾಳಾಯಿತು, ಒಲೆ ಕೆಟ್ಟಿತು ಅಂತ ರಿಪೇರಿಗೆ ಒಯ್ಯುವವರೂ ಇದ್ದಾರೆ. ಬಹಳ ಸಲ ಎರಡೂ ಕೆಟ್ಟಿರುವುದಿಲ್ಲ. ಆಗುಂಬೆ, ಹುಲಿಕಲ್‌ನಂಥ ಕಡೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಅಂಥಲ್ಲಿ ಗಾಜಿನ ಮೇಲೆ ಬೆರಳಿಟ್ಟು ಬದುಕು ನಡೆಸಬೇಕು ಅಂದಮೇಲೆ ಆ ಗಾಜಿನ ಕೆಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟಚ್ ಸೆನ್ಸರ್‌ಗೆ ಬೆರಳು ಅಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಅಂಕೆ ಮಾತ್ರ. ಆ ಅಂಕೆ ಬದಲಾದಾಗ "ಇದು ಬೆರಳೇ ಇರಬೇಕು" ಅಂತ ಅದು ಊಹೆ ಮಾಡುತ್ತದೆ. ಈ ವಿದ್ಯೆಯಲ್ಲಿ ಬರುವ ದೊಡ್ಡ ದೊಡ್ಡ ಹೆಸರುಗಳೆಲ್ಲ ಆ ಊಹೆ ತಪ್ಪದಂತೆ ನೋಡಿಕೊಳ್ಳುವ ಉಪಾಯಗಳು, ಅಷ್ಟೇ.

ಇಲ್ಲಿ ಒತ್ತುವುದೇನೂ ಇಲ್ಲ

ಹಳೆಯ ಕೀಪ್ಯಾಡ್ ಫೋನಿನಲ್ಲಿ ಬಟನ್ ಒತ್ತಿದರೆ ಒಳಗೆ ಎರಡು ತುದಿಗಳು ನಿಜವಾಗಿಯೂ ಕೂಡುತ್ತಿದ್ದವು, ಕರೆಂಟು ಹರಿಯುತ್ತಿತ್ತು. ಅದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಆಮೇಲೆ ಬಂದ ಕೆಲವು ಪರದೆಗಳಲ್ಲಿ ಎರಡು ತೆಳು ಪದರಗಳಿದ್ದವು. ಮೇಲಿನದನ್ನು ಒತ್ತಿ ಕೆಳಗಿನದಕ್ಕೆ ತಾಗಿಸಬೇಕಿತ್ತು. ಅದಕ್ಕೆ ರೆಸಿಸ್ಟಿವ್ ಟಚ್ ಅನ್ನುತ್ತಾರೆ. ಉಗುರು, ಪೆನ್ನಿನ ಹಿಂಭಾಗ, ಕಡ್ಡಿ, ಯಾವುದರಿಂದ ಒತ್ತಿದರೂ ನಡೆಯುತ್ತಿತ್ತು.

ಈಗಿನ ಫೋನಿನದು ಕೆಪಾಸಿಟಿವ್ ಟಚ್. ಇದರಲ್ಲಿ ಏನೂ ಬಾಗುವುದಿಲ್ಲ, ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಇದು ಹೊಸದೂ ಅಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರಾಡಾರ್ ಸಂಸ್ಥೆಯ ಇ. ಎ. ಜಾನ್ಸನ್ 1965ರಲ್ಲೇ ಇದರ ಬಗ್ಗೆ ಬರೆದಿದ್ದರು. ವಿಮಾನಗಳ ಓಡಾಟ ನೋಡಿಕೊಳ್ಳುವವರಿಗೆ ಸುಲಭವಾಗಲಿ ಅನ್ನುವುದು ಅವರ ಯೋಚನೆ. 1970ರ ದಶಕದಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ ನಿಯಂತ್ರಣ ಕೊಠಡಿಗೂ ಇಂಥ ಪರದೆ ಬಂತು. ಜನರ ಜೇಬಿಗೆ ಬರಲು 2007ರ ಐಫೋನ್‌ವರೆಗೆ ಕಾಯಬೇಕಾಯಿತು.

ಫ್ಯಾನಿನ ಕೆಪಾಸಿಟರ್ ಮತ್ತು ನಿಮ್ಮ ಬೆರಳು

ಫ್ಯಾನ್ ನಿಧಾನವಾದರೆ ಎಲೆಕ್ಟ್ರಿಷಿಯನ್ ಬಂದು "ಕೆಪಾಸಿಟರ್ ಹೋಗಿದೆ" ಅನ್ನುತ್ತಾರಲ್ಲ, ಅದೇ ಕೆಪಾಸಿಟರ್ ಇಲ್ಲಿಯೂ ಇದೆ. ಕರೆಂಟು ಹರಿಯುವ ಎರಡು ವಸ್ತುಗಳನ್ನು ಹತ್ತಿರ ಇಟ್ಟು, ನಡುವೆ ಕರೆಂಟು ಹರಿಯದ ಏನಾದರೂ ಹಾಕಿದರೆ ಕೆಪಾಸಿಟರ್ ಆಯಿತು. ಅದು ಸ್ವಲ್ಪ ವಿದ್ಯುತ್ ಕಣಗಳನ್ನು, ಅಂದರೆ ಚಾರ್ಜನ್ನು, ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಹಿಡಿದಿಡಬಲ್ಲದು ಅನ್ನುವ ಅಳತೆಯೇ ಕೆಪಾಸಿಟೆನ್ಸ್.

ಇಂಡಕ್ಷನ್ ಒಲೆಯ ಒಂದು ಬಟನ್ ನೋಡಿ. ಗಾಜಿನ ಕೆಳಗೆ ಒಂದು ಲೋಹದ ಬಿಲ್ಲೆ ಇದೆ. ಅದನ್ನು ಪ್ಯಾಡ್ ಅನ್ನುತ್ತಾರೆ. ಮೇಲೆ ನಿಮ್ಮ ಬೆರಳು. ಮೈಯಲ್ಲಿ ಉಪ್ಪುನೀರು ತುಂಬಿರುವುದರಿಂದ ಬೆರಳಲ್ಲಿಯೂ ಕರೆಂಟು ಹರಿಯುತ್ತದೆ. ನಡುವೆ ಗಾಜು. ಸರಿ, ಕೆಪಾಸಿಟರ್ ತಯಾರು! ಬೆರಳು ತೆಗೆದರೆ ಅದು ಮಾಯ.

ಅದು ಎಷ್ಟು ದೊಡ್ಡದು? ಲೆಕ್ಕ ಕಷ್ಟವಿಲ್ಲ. ಎದುರುಬದುರಾಗಿರುವ ಜಾಗ ಜಾಸ್ತಿಯಾದರೆ ಕೆಪಾಸಿಟೆನ್ಸ್ ಜಾಸ್ತಿ. ನಡುವಿನ ದೂರ ಜಾಸ್ತಿಯಾದರೆ ಕಡಿಮೆ. ನಡುವೆ ಇರುವ ವಸ್ತು ಯಾವುದು ಎನ್ನುವುದೂ ಮುಖ್ಯ. ಪ್ರತಿ ವಸ್ತುವಿಗೂ ಡೈಎಲೆಕ್ಟ್ರಿಕ್ ಸ್ಥಿರಾಂಕ ಅನ್ನುವ ಒಂದು ಅಂಕೆ ಇದೆ. ಗಾಳಿಗೆ 1, ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಸುಮಾರು 3, ಗಾಜಿಗೆ ಸುಮಾರು 7. ನೀರಿಗೆ? ಸುಮಾರು 80. ಈ 80ನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಕೆಲವು ತಾಪತ್ರಯಗಳಿಗೆ ಅದೇ ಮೂಲ.

ಗಾಜಿನ ದಪ್ಪ 3 ಮಿ.ಮೀ., ಬೆರಳು ತಾಗುವ ಜಾಗ ಉದ್ದ ಅಗಲ 10 ಮಿ.ಮೀ. ಅಂತಿಟ್ಟುಕೊಂಡರೆ ಸುಮಾರು 2 ಪಿಕೊಫ್ಯಾರಡ್ ಬರುತ್ತದೆ. ಒಂದು ಪಿಕೊಫ್ಯಾರಡ್ ಅಂದರೆ ಒಂದು ಫ್ಯಾರಡ್ಡಿನ ಲಕ್ಷ ಕೋಟಿಯ ಒಂದು ಪಾಲು. ಅಂದಾಜು ಸಿಗಲಿಲ್ಲವೇ? ಸೀಲಿಂಗ್ ಫ್ಯಾನಿಗೆ ಹಾಕುವ 2.5 ಮೈಕ್ರೊಫ್ಯಾರಡ್ ಕೆಪಾಸಿಟರನ್ನು 12 ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಬರುವಷ್ಟು! ಒಲೆಯಾಗಲಿ ಫೋನಾಗಲಿ ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಬೇಕು.

ರಬ್ಬರ್ ಚಪ್ಪಲಿ ಹಾಕಿಕೊಂಡರೂ ಟಚ್ ಯಾಕೆ ಕೆಲಸ ಮಾಡುತ್ತದೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಮೈಗೂ ನೆಲಕ್ಕೂ ನಡುವೆ ಚಪ್ಪಲಿ ಇದ್ದರೂ ಅದೂ ಒಂದು ಕೆಪಾಸಿಟರೇ. ಅದು 100 ಪಿಕೊಫ್ಯಾರಡ್ ಆಸುಪಾಸು ಇರುತ್ತದೆ. ಬೆರಳಿನ 2ರ ಮುಂದೆ ಅದು ಬೆಟ್ಟದಷ್ಟು. ಹಾಗಾಗಿ ಚಪ್ಪಲಿಯಿಂದ ಅಡ್ಡಿಯಾಗುವುದಿಲ್ಲ.

ಒಲೆಯೊಳಗಿನ ಸ್ಪ್ರಿಂಗ್

ಕೆಟ್ಟ ಇಂಡಕ್ಷನ್ ಒಲೆಯನ್ನು ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದರೆ ಬಟನ್ ಇರುವ ಬೋರ್ಡನ್ನು ಒಮ್ಮೆ ಬಗ್ಗಿ ನೋಡಿ. ಎಷ್ಟೋ ಮಾದರಿಗಳಲ್ಲಿ ಪ್ರತಿ ಬಟನ್ನಿಗೂ ಒಂದೊಂದು ಸಣ್ಣ ಲೋಹದ ಸ್ಪ್ರಿಂಗ್ ಎದ್ದು ನಿಂತಿರುತ್ತದೆ. ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ದಪ್ಪ, ಗಿಡ್ಡ. ಬೆರಳಿನ ಒತ್ತಡ ತಿಳಿಯಲು ಇಟ್ಟಿದ್ದಾರೆ ಅಂತ ಯಾರಿಗಾದರೂ ಅನಿಸುತ್ತದೆ. ಅದಕ್ಕಲ್ಲ. ಮೇಲಿನ ಗಾಜು ಅಲುಗುವುದೇ ಇಲ್ಲವಲ್ಲ!

ಅದು ಇರುವುದು ಗಾಳಿಯನ್ನು ಓಡಿಸಲು. ಬೋರ್ಡಿಗೂ ಗಾಜಿಗೂ ನಡುವೆ ಜಾಗ ಇರುತ್ತದೆ. ಬಿಲ್ಲೆಯನ್ನು ಬೋರ್ಡಿನ ಮೇಲೇ ಬಿಟ್ಟರೆ ನಡುವೆ ಗಾಳಿ ನಿಲ್ಲುತ್ತದೆ. ಬರೀ ಅರ್ಧ ಮಿ.ಮೀ. ಗಾಳಿ ಮೂರೂವರೆ ಮಿ.ಮೀ. ಗಾಜಿಗೆ ಸಮ. ಮೇಲೆ ಹೇಳಿದ 2 ಪಿಕೊಫ್ಯಾರಡ್ ಅರ್ಧ ಮಿ.ಮೀ. ಸಂದಿಗೇ 1ಕ್ಕೆ ಇಳಿದುಬಿಡುತ್ತದೆ. ಸ್ಪ್ರಿಂಗ್ ಗಾಜಿನ ಅಡಿಗೆ ಒತ್ತಿಕೊಂಡು ನಿಂತರೆ ಆ ನಷ್ಟ ಇಲ್ಲ. ಒಂದೇ ಒಂದು ಬಟನ್ ಕೇಳದೆ ಉಳಿದವೆಲ್ಲ ಸರಿಯಿದ್ದರೆ ಆ ಸ್ಪ್ರಿಂಗ್ ವಾಲಿದೆಯಾ ಅಂತ ನೋಡಿಸಿ. ಇಡೀ ಬೋರ್ಡ್ ಬದಲಾಯಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಲೆಯನ್ನು ಮನೆಯಲ್ಲೇ ಬಿಚ್ಚಲು ಮಾತ್ರ ಹೋಗಬೇಡಿ, ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಹೊಡೆಯಬಹುದು.

ಪ್ಯಾಡಿನ ಮೇಲಿರುವ ಗಾಜು ಅಥವಾ ಪ್ಲಾಸ್ಟಿಕ್ಕಿಗೆ ಓವರ್‌ಲೇ ಅಂತ ಹೆಸರು. ಅದು ದಪ್ಪವಾದಷ್ಟೂ ಬೆರಳಿನ ಸುಳಿವು ಕಮ್ಮಿ. ಫೋನಿಗೆ ದಪ್ಪದ ಸ್ಕ್ರೀನ್ ಗಾರ್ಡ್ ಹಾಕಿಸಿ, ಅದರ ಕೆಳಗೆ ಗಾಳಿಗುಳ್ಳೆಯೂ ಉಳಿದರೆ ಏನಾಗುತ್ತದೆ ಅಂತ ಈಗ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಕತ್ತಿ ಹಿಡಿದು, ಅಡಿಕೆ ಸುಲಿದು ಬೆರಳ ತುದಿ ದಡ್ಡುಗಟ್ಟಿದವರಿಗೂ ಇದೇ ತೊಂದರೆ. ಒಣಗಿದ ದಪ್ಪ ಚರ್ಮವೂ ಒಂದು ಓವರ್‌ಲೇಯೇ. "ನನ್ನ ಬೆರಳಿಗೆ ಈ ಫೋನ್ ಬಗ್ಗುವುದಿಲ್ಲ" ಅಂತ ಹಿರಿಯರು ಹೇಳಿದರೆ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ.

ಚೀಲದ ತೂಕ ಕಳೆಯುವುದು

ಈಗ ಅಳತೆಯ ವಿಷಯ. ಪ್ಯಾಡಿಗೆ ಜೋಡಿಸಿದ ಚಿಪ್ ಅದಕ್ಕೆ ಚಾರ್ಜ್ ತುಂಬಿಸುತ್ತದೆ, ಖಾಲಿ ಮಾಡುತ್ತದೆ, ಮತ್ತೆ ತುಂಬಿಸುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ. ಎಷ್ಟು ಹಿಡಿಯಿತು ಅಂತ ಎಣಿಸಿ ಒಂದು ಅಂಕೆ ಕೊಡುತ್ತದೆ. ಇದೇ ಕಚ್ಚಾ ಎಣಿಕೆ.

ತೊಂದರೆ ಏನೆಂದರೆ ಬೆರಳು ಇಲ್ಲದಾಗಲೂ ಈ ಅಂಕೆ ಸೊನ್ನೆ ಇರುವುದಿಲ್ಲ. ಪ್ಯಾಡಿಗೂ ಪಕ್ಕದ ತಂತಿಗೂ, ಬೋರ್ಡಿನ ಲೋಹಕ್ಕೂ ನಡುವೆ ಬೇಡದ ಕೆಪಾಸಿಟರ್‌ಗಳು ತಾವಾಗಿಯೇ ಹುಟ್ಟಿಕೊಂಡಿರುತ್ತವೆ. ಇವಕ್ಕೆ ಪ್ಯಾರಾಸಿಟಿಕ್ ಕೆಪಾಸಿಟೆನ್ಸ್ ಅನ್ನುತ್ತಾರೆ. ಇದು ಹತ್ತಿಪ್ಪತ್ತು ಪಿಕೊಫ್ಯಾರಡ್ ಇರಬಹುದು. ಬೆರಳು ತರುವುದು ಒಂದೋ ಎರಡೋ.

ಅಡಿಕೆ ಮಂಡಿಯಲ್ಲಿ ಏನು ಮಾಡುತ್ತಾರೆ? ಚೀಲ ಸಮೇತ ತೂಕಕ್ಕಿಟ್ಟು ಆಮೇಲೆ ಚೀಲದ ತೂಕ ಕಳೆಯುತ್ತಾರೆ. ಚಿಪ್ ಮಾಡುವುದೂ ಅದನ್ನೇ. ಏನೂ ತಾಗದಿದ್ದಾಗಿನ ಅಂಕೆಯನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಬೇಸ್‌ಲೈನ್ ಅಂತ ಹೆಸರು. ಆಮೇಲೆ ಪ್ರತಿ ಅಳತೆಯಲ್ಲಿ ಅದನ್ನು ಕಳೆದು ಉಳಿದದ್ದನ್ನು ನೋಡುತ್ತದೆ. ಚೀಲ ಮಳೆಯಲ್ಲಿ ನೆನೆದು ಭಾರವಾದರೆ ಹಳೆಯ ಲೆಕ್ಕ ತಪ್ಪುತ್ತದೆ ಅಲ್ವಾ? ಇಲ್ಲಿಯೂ ಹಾಗೇ. ಬಿಸಿ ಏರಿದರೆ, ಹವೆಯಲ್ಲಿ ತೇವ ಹೆಚ್ಚಿದರೆ ಬೇಸ್‌ಲೈನ್ ನಿಧಾನವಾಗಿ ಜರುಗುತ್ತದೆ. ಇದು ಡ್ರಿಫ್ಟ್. ನಿಧಾನವಾಗಿ ಬಂದ ಬದಲಾವಣೆಯನ್ನು ಚಿಪ್ ಹವೆಯ ಖಾತೆಗೆ ಹಾಕಿ ಬೇಸ್‌ಲೈನ್ ತಿದ್ದಿಕೊಳ್ಳುತ್ತದೆ. ತಟ್ಟನೆ ಬಂದದ್ದನ್ನು ಬೆರಳಿನ ಖಾತೆಗೆ ಹಾಕುತ್ತದೆ.

ಉಪಾಯ ಚೆನ್ನಾಗಿದೆ, ಆದರೆ ಒಂದು ಎಡವಟ್ಟು ಇದೆ. ಬಟನ್ ಮೇಲೆ ನೀರು ನಿಂತಿರುವಾಗಲೇ ಒಲೆಯ ಸ್ವಿಚ್ ಹಾಕಿದಿರಿ ಅಂದುಕೊಳ್ಳಿ. ಚಿಪ್ ಆ ನೀರನ್ನೂ ಸೇರಿಸಿ ಬೇಸ್‌ಲೈನ್ ಕಟ್ಟುತ್ತದೆ. ಆಮೇಲೆ ನೀವು ಒರೆಸಿದರೆ ಅಂಕೆ ಕೆಳಗೆ ಬೀಳುತ್ತದೆ. ಈಗ ಬೆರಳಿಟ್ಟರೂ ಹಳೆಯ ಮಟ್ಟ ಮುಟ್ಟುವುದೇ ಕಷ್ಟ, ಬಟನ್ ಕಿವುಡಾಗುತ್ತದೆ. ಪ್ಲಗ್ ಹತ್ತಿರ ಸ್ವಿಚ್ ಆಫ್ ಮಾಡಿ, ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಆನ್ ಮಾಡಿದರೆ ಹೊಸ ಬೇಸ್‌ಲೈನ್ ಸಿಗುತ್ತದೆ. ಮೊದಲು ಒರೆಸು, ಆಮೇಲೆ ಆನ್ ಮಾಡು, ಈ ಕ್ರಮವೇ ಮುಖ್ಯ.

ಎಷ್ಟು ಏರಿದರೆ ಬೆರಳು?

ಬೇಸ್‌ಲೈನ್ 1000 ಇದೆ, ಬೆರಳಿಟ್ಟರೆ 1100 ಆಗುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ ಬೆರಳಿನ ಸಿಗ್ನಲ್ 100. ಯಾರೂ ಮುಟ್ಟದಿದ್ದರೂ ಅಂಕೆ 1000ದಲ್ಲಿ ಅಲ್ಲಾಡದೆ ನಿಲ್ಲುವುದಿಲ್ಲ. 990, 1005, 1010 ಅಂತ ಹೊಯ್ದಾಡುತ್ತಲೇ ಇರುತ್ತದೆ. ಇದೇ ನಾಯ್ಸ್. ಇಲ್ಲಿ ಹೊಯ್ದಾಟ ಒಟ್ಟು 20, ಸಿಗ್ನಲ್ 100, ಅಂದರೆ ಐದಕ್ಕೆ ಒಂದು. ಕನಿಷ್ಠ ಇಷ್ಟಾದರೂ ಅಂತರ ಬೇಕು ಅನ್ನುವುದು ಈ ಕೆಲಸದವರ ವಾಡಿಕೆ.

ಗೆರೆ ಎಲ್ಲಿ ಎಳೆಯಬೇಕು? 80 ದಾಟಿದರೆ ಬೆರಳು ಅನ್ನೋಣ. ಈ 80ಕ್ಕೆ ಥ್ರೆಶೋಲ್ಡ್ ಅನ್ನುತ್ತಾರೆ. ಆದರೆ ಅಂಕೆ 79, 81, 79 ಅಂತ ಗೆರೆಯ ಮೇಲೇ ಕುಣಿದರೆ ಬಟನ್ ಆನ್ ಆಫ್ ಆನ್ ಆಗುತ್ತದೆ. ಹಾಗಾಗಬಾರದು ಅಂತ ಬಿಡುವ ಗೆರೆಯನ್ನು ಸ್ವಲ್ಪ ಕೆಳಗೆ, 60ಕ್ಕೆ ಇಡುತ್ತಾರೆ. ಎರಡರ ನಡುವಿನ ಈ ಅಂತರ ಹಿಸ್ಟೆರಿಸಿಸ್. ಒಂದೇ ಸಲ ದಾಟಿದರೆ ನಂಬದೆ ಸತತ ಮೂರು ಸಲ ದಾಟಲಿ ಅಂತ ಕಾಯುವುದು ಡಿಬೌನ್ಸ್.

ಗೆರೆ ಕೆಳಗಿಟ್ಟಷ್ಟೂ ಒಳ್ಳೆಯದಲ್ಲವೇ ಅಂದರೆ, ಅಲ್ಲ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಗ್ಲೌಸ್ ಹಾಕಿಕೊಂಡೇ ಫೋನ್ ಎತ್ತಲು ಆಗಲಿ ಅಂತ ಕೆಲವು ಫೋನ್‌ಗಳಲ್ಲಿ ಗ್ಲೌಸ್ ಮೋಡ್ ಹಾಕುತ್ತೀರಿ. ಆಗ ಪರದೆಯ ಸೂಕ್ಷ್ಮತೆ ಏರುತ್ತದೆ. ಗ್ಲೌಸಿನ ಬೆರಳೂ ಸಿಗುತ್ತದೆ, ಮಳೆಹನಿಯೂ ಸುಲಭವಾಗಿ ಬೆರಳಾಗಿಬಿಡುತ್ತದೆ. ಎರಡೂ ಒಟ್ಟಿಗೆ ಬೇಕೆಂದರೆ ಆಗದು. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡುವುದು ಲೇಸು.

ಫೋನಿನ ಗಾಜಿನೊಳಗಿನ ಜಾಲ

ಒಲೆಗೆ ಏಳೆಂಟು ಬಟನ್ ಸಾಕು. ಫೋನಿಗೆ ಇಡೀ ಪರದೆಯೇ ಬಟನ್. ಅಲ್ಲಿ ಇಂಡಿಯಂ ಟಿನ್ ಆಕ್ಸೈಡ್‌ನಂಥ, ಕಣ್ಣಿಗೆ ಕಾಣದ ಆದರೆ ಕರೆಂಟು ಹರಿಯುವ ಪದಾರ್ಥದ ಗೆರೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದಿರುತ್ತಾರೆ. ಅಡ್ಡ 34, ಉದ್ದ 16 ಗೆರೆ ಅಂತಿಟ್ಟುಕೊಳ್ಳಿ.

ಪ್ರತಿ ಗೆರೆಯನ್ನೂ ಬಿಡಿಬಿಡಿಯಾಗಿ ಅಳೆದರೆ ಅದು ಸೆಲ್ಫ್ ಕೆಪಾಸಿಟೆನ್ಸ್ ವಿಧಾನ. ಬೆರಳು ಬಂದರೆ ಅಂಕೆ ಏರುತ್ತದೆ. 50 ಅಳತೆಯಲ್ಲಿ ಕೆಲಸ ಮುಗಿಯಿತು. ಆದರೆ ಎರಡು ಬೆರಳಿಟ್ಟರೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಏರುತ್ತವೆ. ಅವು ಕೂಡುವ ಜಾಗ ನಾಲ್ಕು! ಅದರಲ್ಲಿ ಎರಡು ನಿಜ, ಎರಡು ಸುಳ್ಳು. ಯಾವುದು ಯಾವುದೆಂದು ಚಿಪ್‌ಗೆ ತಿಳಿಯದು. ಸುಳ್ಳು ಚುಕ್ಕಿಗಳಿಗೆ ಗೋಸ್ಟ್ ಟಚ್ ಅನ್ನುವ ಹೆಸರು ಬಿದ್ದಿದೆ.

ಇನ್ನೊಂದು ವಿಧಾನ ಮ್ಯೂಚುಯಲ್ ಕೆಪಾಸಿಟೆನ್ಸ್. ಅಡ್ಡಗೆರೆಯಲ್ಲಿ ಸಿಗ್ನಲ್ ಕಳಿಸುತ್ತಾರೆ, ಉದ್ದಗೆರೆಯಲ್ಲಿ ಎಷ್ಟು ಬಂತು ಅಂತ ನೋಡುತ್ತಾರೆ. 34 ಇಂಟು 16, ಒಟ್ಟು 544 ಕೂಡುಜಾಗಗಳನ್ನು ಒಂದೊಂದಾಗಿ. ಇಲ್ಲಿ ಬೆರಳು ಬಂದರೆ ಸಿಗ್ನಲ್ಲಿನ ಒಂದು ಪಾಲನ್ನು ತಾನೇ ಎಳೆದುಕೊಳ್ಳುತ್ತದೆ, ಹಾಗಾಗಿ ಅಂಕೆ ಇಳಿಯುತ್ತದೆ. ಹತ್ತು ಬೆರಳಿಟ್ಟರೂ ಗೊಂದಲವಿಲ್ಲ. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಲು ಆಗುವುದು ಇದರಿಂದಲೇ. ಈಗಿನ ಎಷ್ಟೋ ಚಿಪ್‌ಗಳು ಎರಡೂ ವಿಧಾನಗಳಲ್ಲಿ ಅಳೆಯುತ್ತವೆ. ಯಾಕೆ ಅನ್ನುವುದಕ್ಕೆ ಉತ್ತರ ಮಳೆಯಲ್ಲಿದೆ.

ಹನಿ ಬೇರೆ, ಹರಿಯುವ ನೀರು ಬೇರೆ

ಪರದೆಯ ಮೇಲೆ ಒಂದು ಹನಿ ಒಂಟಿಯಾಗಿ ಕೂತಿದೆ. ಅದು ಯಾರಿಗೂ ತಾಗಿಲ್ಲ. ಹಾಗಾಗಿ ಸಿಗ್ನಲ್ಲನ್ನು ಎಳೆದುಕೊಂಡು ಹೋಗಲು ಅದಕ್ಕೆ ದಾರಿಯಿಲ್ಲ. ಬದಲಿಗೆ ನೀರಿನ ಡೈಎಲೆಕ್ಟ್ರಿಕ್ ಅಂಕೆ ಅಂದೆವಲ್ಲ, ಆ 80 ಕೆಲಸ ಮಾಡುತ್ತದೆ. ಅಡ್ಡಗೆರೆಯಿಂದ ಉದ್ದಗೆರೆಗೆ ಸಿಗ್ನಲ್ ಇನ್ನೂ ಚೆನ್ನಾಗಿ ದಾಟುತ್ತದೆ. ಬೆರಳು ಬಂದಾಗ ಇಳಿಯುವ ಅಂಕೆ ಹನಿ ಬಿದ್ದಾಗ ಏರುತ್ತದೆ. ಚಿಪ್‌ಗೆ ಇದು ಒಳ್ಳೆಯ ಸುಳಿವು. ಒಂಟಿ ಹನಿಗಳನ್ನು ಫೋನ್ ಸಹಿಸಿಕೊಳ್ಳುವುದು ಹೀಗೆ.

ಆದರೆ ಹನಿ ಬಹಳ ಹೊತ್ತು ಕೂತರೆ ಬೇಸ್‌ಲೈನ್ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಮೇಲೆ ಹನಿ ಜಾರಿದರೆ ಅಲ್ಲಿ ಅಂಕೆ ತಟ್ಟನೆ ಇಳಿಯುತ್ತದೆ. ಥೇಟ್ ಬೆರಳಿಟ್ಟ ಹಾಗೆ! ಹನಿ ಬಿಟ್ಟುಹೋದ ಜಾಗದಲ್ಲಿ ಯಾರೋ ಒತ್ತಿದಂತೆ ಆಗುವುದು ಹೀಗೆ.

ಹನಿಗಳು ಸೇರಿ ನೀರಿನ ಪದರವಾಗಿ ಹಿಡಿದ ಕೈಗೋ ಒತ್ತುವ ಬೆರಳಿಗೋ ತಾಗಿತೋ, ಆಟ ಮುಗಿಯಿತು. ಈಗ ಆ ನೀರು ನಿಮ್ಮ ಮೈಯ ಒಂದು ಭಾಗ. ಅದು ಹರಡಿದಷ್ಟು ಜಾಗವೆಲ್ಲ ಒಂದು ದೊಡ್ಡ ಬೆರಳು. ನೀವು ನಾಲ್ಕನ್ನು ಒತ್ತಿದ್ದೀರಿ, ನೀರು ಏಳನ್ನೂ ಮುಟ್ಟಿದೆ. ಇಲ್ಲಿ ಸೆಲ್ಫ್ ಮತ್ತು ಮ್ಯೂಚುಯಲ್ ಎರಡರ ಅಂಕೆಗಳನ್ನು ತಾಳೆ ಹಾಕಿ ಚಿಪ್ ಒದ್ದಾಡುತ್ತದೆ. ಜಡಿಮಳೆಯಲ್ಲಿ ಅದೂ ಸೋಲುತ್ತದೆ.

ಒಲೆಯಲ್ಲಿ ಬೇರೆ ಎರಡು ಉಪಾಯ ಬಳಸಬಹುದು. ಒಂದು, ಪ್ಯಾಡಿನ ಸುತ್ತ ಇನ್ನೊಂದು ಲೋಹದ ಪಟ್ಟಿ ಹಾಕಿ, ಅದಕ್ಕೂ ಪ್ಯಾಡಿನಷ್ಟೇ ವೋಲ್ಟೇಜನ್ನು ಅದೇ ತಾಳದಲ್ಲಿ ಕೊಡುವುದು. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ನಡುವೆ ಚಾರ್ಜ್ ಹರಿಯುವುದಿಲ್ಲ, ಹಾಗಾಗಿ ನೀರು ಎರಡನ್ನೂ ಮುಚ್ಚಿದರೂ ಪರಿಣಾಮ ಕಡಿಮೆ. ಇದಕ್ಕೆ ಡ್ರಿವನ್ ಶೀಲ್ಡ್ ಅನ್ನುತ್ತಾರೆ. ಇನ್ನೊಂದು, ಬಟನ್‌ಗಳ ಸುತ್ತ ಗಾರ್ಡ್ ಅನ್ನುವ ಕಾವಲು ಸೆನ್ಸರ್ ಇಡುವುದು. ಬೆರಳು ಒಂದೇ ಬಟನ್ ಮುಟ್ಟುತ್ತದೆ, ಉಕ್ಕಿದ ಹಾಲು ಕಾವಲನ್ನೂ ಮುಟ್ಟುತ್ತದೆ. ಆಗ ಒಲೆ ಬಟನ್‌ಗಳನ್ನೆಲ್ಲ ಬಂದ್ ಮಾಡಿ ಕೂಗುತ್ತದೆ. ಕಿರಿಕಿರಿ ನಿಜ. ಆದರೆ ಹಾಲು ತಾನೇ ಉರಿ ಜಾಸ್ತಿ ಮಾಡುವುದಕ್ಕಿಂತ ಇದು ವಾಸಿ.

ಫೋನಿಗೆ ನೀವು ಮಾಡಬಹುದಾದದ್ದು ಇಷ್ಟು. ಪರದೆಯನ್ನು ವಾಲಿಸಿ ನೀರು ಜಾರಿಸಿ, ಪರದೆ ಮತ್ತು ಬೆರಳು ಎರಡನ್ನೂ ಒಣಗಿದ ಬಟ್ಟೆಗೆ ಒರೆಸಿ, ಪಕ್ಕದ ಬಟನ್ನಿನಿಂದ ಪರದೆ ಆರಿಸಿ ಮತ್ತೆ ಹಚ್ಚಿ. ಹಲವು ಫೋನ್‌ಗಳಲ್ಲಿ ಆಗ ಬೇಸ್‌ಲೈನ್ ಹೊಸದಾಗುತ್ತದೆ.

ಚಾರ್ಜಿಗೆ ಹಾಕಿದಾಗ ಮಾತ್ರ ಕುಣಿಯುವ ಪರದೆ

ಮಳೆಯಿಲ್ಲ, ಪರದೆ ಒಣಗಿದೆ, ಆದರೂ ಚಾರ್ಜರ್ ಚುಚ್ಚಿದ ಕೂಡಲೇ ಟಚ್ ಅಡ್ಡಾದಿಡ್ಡಿ. ಇದಕ್ಕೆ ಕಾರಣ ಬಹುಮಟ್ಟಿಗೆ ಚಾರ್ಜರೇ. ಕಳಪೆ ಚಾರ್ಜರ್ ಇಡೀ ಫೋನಿನ ವೋಲ್ಟೇಜನ್ನು ಸಣ್ಣಗೆ, ಬಹಳ ವೇಗವಾಗಿ ಏರಿಳಿಸುತ್ತದೆ. ಯಾರೂ ಮುಟ್ಟದಿದ್ದರೆ ಇದು ಗೊತ್ತೇ ಆಗದು. ಬೆರಳಿಟ್ಟಾಗ ನಿಮ್ಮ ಮೈ ಸ್ಥಿರ, ಫೋನ್ ಅದುರುತ್ತಿದೆ. ಆ ಅದುರು ಬೆರಳಿನ ಮೂಲಕವೇ ಸೆನ್ಸರಿಗೆ ಹೊಕ್ಕು ನಾಯ್ಸ್ ಆಗುತ್ತದೆ. ಚಿಪ್ ಅಳೆಯುವ ವೇಗವನ್ನು ಬದಲಿಸಿ ತಪ್ಪಿಸಿಕೊಳ್ಳಲು ನೋಡುತ್ತದೆ. ಚಾರ್ಜರ್ ತೆಗೆದ ಕೂಡಲೇ ಸರಿಯಾದರೆ ಪರದೆ ಬದಲಾಯಿಸುವ ಖರ್ಚು ಬೇಡ, ಒಳ್ಳೆಯ ಚಾರ್ಜರ್ ತನ್ನಿ.

ಇದೇ ವಿದ್ಯೆ ತೋಟದ ಮಣ್ಣಿನಲ್ಲಿ

ಪರದೆಗೆ ಶತ್ರುವಾದ ಆ 80 ತೋಟದಲ್ಲಿ ಉಪಕಾರಕ್ಕೆ ಬರುತ್ತದೆ. ಒಣಮಣ್ಣಿನ ಡೈಎಲೆಕ್ಟ್ರಿಕ್ ಅಂಕೆ ನಾಲ್ಕರ ಆಸುಪಾಸು, ನೀರಿನದು 80. ಮಣ್ಣಿಗೆ ಒಂದು ಪ್ಯಾಡ್ ಚುಚ್ಚಿ ಕೆಪಾಸಿಟೆನ್ಸ್ ಅಳೆದರೆ ತೇವ ಎಷ್ಟಿದೆ ಅಂತ ಸಿಗುತ್ತದೆ. ಬೇಸಿಗೆಯಲ್ಲಿ ಅಡಿಕೆಗೆ ಹನಿ ನೀರಾವರಿ ಯಾವಾಗ ಬಿಡಬೇಕು ಅಂತ ನೋಡಲು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕಡ್ಡಿ ಸೆನ್ಸರ್‌ಗಳಲ್ಲಿ ಬಹಳಷ್ಟು ಈ ಬಗೆಯವು. ಲೋಹ ಮಣ್ಣಿಗೆ ನೇರ ತಾಗದೆ ಬಣ್ಣದ ಪದರದೊಳಗೆ ಇರುವುದರಿಂದ, ಲೋಹ ತಾಗಿಸಿ ಅಳೆಯುವ ಹಳೆಯ ಬಗೆಯಷ್ಟು ಬೇಗ ತುಕ್ಕು ತಿನ್ನುವುದಿಲ್ಲ.

ಬಳಸುವುದಾದರೆ ಎರಡು ವಿಷಯ ಗಮನಿಸಿ. ಮೊದಲು ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಒಂದು ಅಂಕೆ, ಲೋಟದ ನೀರಿನಲ್ಲಿ ಗುರುತಿನವರೆಗೆ ಅದ್ದಿ ಇನ್ನೊಂದು ಅಂಕೆ ಬರೆದಿಟ್ಟುಕೊಳ್ಳಬೇಕು. ಅವೆರಡರ ನಡುವೆಯೇ ನಿಮ್ಮ ಮಣ್ಣು ಎಲ್ಲೋ ಬರುತ್ತದೆ. ಎರಡನೆಯದು, ಅಗ್ಗದ ಕಡ್ಡಿಗಳ ಕತ್ತರಿಸಿದ ಅಂಚಿಗೆ ಬಣ್ಣದ ಪದರ ಇರುವುದಿಲ್ಲ. ಅಲ್ಲಿಂದ ಬೋರ್ಡಿನೊಳಗೆ ನೀರು ಇಳಿದು ಬೇಸ್‌ಲೈನ್ ದಿನದಿನಕ್ಕೆ ಏರುತ್ತಾ ಹೋಗುತ್ತದೆ, ಒಣಗಿದ ಮಣ್ಣನ್ನೂ ಒದ್ದೆ ಅನ್ನುತ್ತದೆ. ಚುಚ್ಚುವ ಮೊದಲೇ ಅಂಚಿಗೆಲ್ಲ ವಾರ್ನಿಷ್ ಎರಡು ಕೋಟ್ ಹಚ್ಚಿ ಚೆನ್ನಾಗಿ ಒಣಗಿಸಿ. ಮನೆಯಲ್ಲಿ ಉಗುರುಬಣ್ಣ ಇದ್ದರೆ ಅದೂ ಆಗುತ್ತದೆ.